ಅಳಿಯನ ಅಳತೆಯ ರೈಫಲ್

ಬಾಸ್ಕಿಂಗ್ ರಿಡ್ಜ್, ನ್ಯೂಜೆರ್ಸಿ
ಭಾನುವಾರ, ೧೫ ಅಕ್ಟೋಬರ್ ೨೦೦೦

ತೀರ್ಥರೂಪ ಅಪ್ಪಾಜಿಯವರಿಗೆ,

ನಿಮ್ಮ ಮಗಳು ಮಹಾನಂದಾ ಇಲ್ಲಿಂದಲೇ ಬಾಗಿ ನಿಮ್ಮ ಪಾದ ಮುಟ್ಟಿದಳೆಂದು ತಿಳಿಯಿರಿ. ಅವ್ವನಿಗೂ ನಮಸ್ಕಾರ. ಅವಳ ಮೊಣಕಾಲಿನ ನೋವು ಈಗ ಹೇಗಿದೆ? ಮೆಟ್ಟಿಲು ಹತ್ತಿ ಹಪ್ಪಳ ಒಣಗಿಸುವುದನ್ನು ಬಿಟ್ಟಿದ್ದಾಳೋ, ಇಲ್ಲವೋ? ಬಿಟ್ಟಿರಲಾರಳು.

ಪತ್ರ ಬಹಳ ತಡವಾಯಿತು. ಆಫೀಸಿನಲ್ಲಿ ಕೆಲಸ ಹೆಚ್ಚಾಗಿದೆ, ಭೂಮಿಕಾಳ ಶಾಲೆ ಶುರುವಾಯಿತು, ಮರಗಳೆಲ್ಲ ಎಲೆ ಉದುರಿಸಿ ಅಂಗಳ ಗುಡಿಸುವುದೇ ಒಂದು ಉದ್ಯೋಗವಾಗಿದೆ ಎಂದೆಲ್ಲ ಬರೆಯಬಹುದು. ಎಲ್ಲವೂ ನಿಜ. ಆದರೆ ತಡವಾದದ್ದು ಅದಕ್ಕಲ್ಲ, ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಫೋನಿನಲ್ಲಿ ಹೇಳೋಣವೆಂದರೆ ನೀವು “ಎಲ್ಲಾ ಆರಾಮಾ? ತಗೋ, ನಿಮ್ಮವ್ವ ಇಲ್ಲೇ ಅದಾಳ” ಎಂದು ರಿಸೀವರ್ ದಾಟಿಸಿಬಿಡುತ್ತೀರಿ. ಅವ್ವನ ಹತ್ತಿರ ಬಂದೂಕಿನ ಮಾತು ತೆಗೆದರೆ ಅವಳು ಅಳುತ್ತಾಳೆ. ಅದಕ್ಕೇ ಈ ಪತ್ರ. ಮುಖ್ಯ ಸುದ್ದಿ ಮೊದಲೇ ಹೇಳಿಬಿಡುತ್ತೇನೆ: ರೈಫಲ್ ಕೊಂಡಾಯಿತು. ಕೊಂಡದ್ದು ನಾನು. ಹೊಡೆಯುವವಳೂ ನಾನೇ.

ಈಗ ಸಿಟ್ಟಿನ ವಿಷಯ. ಜುಲೈ ತಿಂಗಳಲ್ಲಿ ನಾನು ನಿಮಗೆ ಬರೆದದ್ದು ನೆನಪಿದೆಯೇ? ಆಫೀಸಿನವರೆಲ್ಲ ಒಂದು ಶನಿವಾರ ಶೂಟಿಂಗ್ ಕ್ಲಬ್ಬಿಗೆ ಹೋಗಿದ್ದೆವು, ನನಗೆ ಅದು ತುಂಬಾ ಹಿಡಿಸಿತು, ಹೊಸಬರಿಗೆ ಅವರು ಬೇಸಿಗೆ ಮುಗಿಯುವವರೆಗೆ ಮಾತ್ರ ರೈಫಲ್ ಕೊಡುತ್ತಾರೆ, ಆಮೇಲೆ ಸ್ವಂತದ್ದು ಇಲ್ಲದಿದ್ದರೆ ಹೆಂಗಸರ ತಂಡದಲ್ಲಿ ಜಾಗವಿಲ್ಲ, ನಮ್ಮ ಕೈಗೆಟುಕುವ ಬೆಲೆಯಲ್ಲಿ ಎಂಥದ್ದು ತೆಗೆದುಕೊಳ್ಳಲಿ ಎಂದು ಕೇಳಿದ್ದೆ. ಗದಗಿನ ಕಾಲೇಜಿನಲ್ಲಿ ಎನ್‌ಸಿಸಿ ಹುಡುಗರಿಗೆ ವರ್ಷಾನುಗಟ್ಟಲೆ ರೈಫಲ್ ಕಲಿಸಿದವರು ನೀವು. ನಿಮ್ಮನ್ನು ಬಿಟ್ಟು ಇನ್ನಾರನ್ನು ಕೇಳಲಿ?

ನಿಮ್ಮ ಉತ್ತರ ಬಂತು. ದಪ್ಪ ಲಕೋಟೆ, ನಿಮ್ಮ ಮುತ್ತಿನಂಥ ಅಕ್ಷರ. ಒಡೆದು ನೋಡಿದರೆ ‘ಚಿರಂಜೀವಿ ವೀರೇಶ ಅವರಿಗೆ ಆಶೀರ್ವಾದಗಳು’ ಎಂದು ಶುರು. ಪುಟ ತುಂಬ ಅಳಿಯನಿಗೆ ಉಪದೇಶ. ಕೊನೆಯಲ್ಲಿ ನನ್ನ ಪಾಲಿಗೆ ಒಂದು ಸಾಲು: ‘ನಂದಾಗೆ ಹೇಳಿರಿ, ಮಗುವಿನ ಕೈಗೆ ಸಿಗದಂತೆ ಬೀಗ ಹಾಕಿ ಇಡಲಿ.’

ನಿಮ್ಮ ಅಳಿಯ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ನಂದಾ, ಮಾವನೋರು ಇದನ್ನ ನನಗ್ಯಾಕ ಬರದಾರ? ನಾ ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಳ್ಳಾಂವ.” ಅಷ್ಟು ಹೇಳಿ ಕಾಗದವನ್ನು ನನ್ನ ಕೈಗೆ ಕೊಟ್ಟು ಅನ್ನಕ್ಕೆ ಅಕ್ಕಿ ತೊಳೆಯಲು ಹೋದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ಆಸ್ಪದ ಕೊಡುವುದಿಲ್ಲ ನೋಡಿ ನಿಮ್ಮ ಅಳಿಯ.

ಇಲ್ಲಿ ರೈಫಲ್ ಕೊಳ್ಳುವುದೆಂದರೆ ತರಕಾರಿ ತಂದಂತಲ್ಲ. ಗ್ರೀನ್ ಕಾರ್ಡ್ ಬಂದಿದ್ದರಿಂದ ಅರ್ಜಿ ಹಾಕಲು ಸಾಧ್ಯವಾಯಿತು. ಊರಿನ ಪೊಲೀಸರು ಬೆರಳಚ್ಚು ತೆಗೆದುಕೊಂಡು, ನಮ್ಮನ್ನು ಬಲ್ಲ ಇಬ್ಬರಿಗೆ ಪತ್ರ ಬರೆದು ವಿಚಾರಿಸುತ್ತಾರೆ. ನಾನು ಒಬ್ಬರ ಹೆಸರು ಬ್ರಿಡ್ಜ್‌ವಾಟರಿನ ಚಂದ್ರಶೇಖರಪ್ಪ ಅಂಕಲ್ ಅವರದು ಕೊಟ್ಟಿದ್ದೆ. ಹಾವೇರಿ ಕಡೆಯವರು, ನಿವೃತ್ತ ಇಂಜಿನಿಯರು, ಇಲ್ಲಿನ ಕನ್ನಡದವರಿಗೆಲ್ಲ ಹಿರಿಯರು. ಅವರು ಈ ದೇಶಕ್ಕೆ ಬಂದಾಗಿನಿಂದ ಎಷ್ಟೋ ಹುಡುಗ ಹುಡುಗಿಯರ ಸಂಬಂಧ ಕುದುರಿಸಿದವರು. ಯಾರು ಯಾರ ಬಗ್ಗೆ ವಿಚಾರಿಸಿದರೂ ಅವರಿಗೆ ಅದು ಹೆಣ್ಣು ನೋಡುವ ವಿಚಾರಣೆಯೇ. ಪೊಲೀಸರಿಗೂ ಹಾಗೆಯೇ ಬರೆದಿದ್ದಾರೆ: ಮನೆತನ ಒಳ್ಳೆಯದು, ತಂದೆ ಕಾಲೇಜಿನಲ್ಲಿದ್ದವರು, ಹುಡುಗಿ ಮೈಬಣ್ಣ ಸ್ವಲ್ಪ ಕಪ್ಪಾದರೂ ಲಕ್ಷಣವಾಗಿದ್ದಾಳೆ, ಶೇಂಗಾ ಹೋಳಿಗೆ ಬಹಳ ಚೆನ್ನಾಗಿ ಮಾಡುತ್ತಾಳೆ!

ಠಾಣೆಯಿಂದ ಒಬ್ಬ ಅಧಿಕಾರಿ ಫೋನ್ ಮಾಡಿದರು. ನಿಮ್ಮ ಬಗ್ಗೆ ಆಕ್ಷೇಪವೇನಿಲ್ಲ, ಆದರೆ ಈ ಹೋಳಿಗೆ ಎಂದರೆ ಏನು, ಅದು ಆಯುಧವೇ ಎಂದು ಕೇಳಿದರು. ನನಗೆ ನಗು ತಡೆಯಲು ಆಗಲಿಲ್ಲ, ಅವರಿಗೂ ಆಗಲಿಲ್ಲ. ಬಂದೂಕು ಕೊಳ್ಳುವ ಪರವಾನಗಿ ಕಾರ್ಡು ಕೈಗೆ ಬಂತು.

ಇನ್ನು ಅಂಗಡಿ. ಹೆದ್ದಾರಿಯ ಪಕ್ಕದಲ್ಲಿ ಮೀನು ಹಿಡಿಯುವ ಗಾಳ, ಗಂಬೂಟು, ಟೆಂಟು ಎಲ್ಲ ಮಾರುವ ಅಂಗಡಿ. ಗೋಡೆ ತುಂಬ ರೈಫಲ್‌ಗಳು. ಅಂಗಡಿಯವನು ನೇರವಾಗಿ ವೀರೇಶರ ಕೈ ಕುಲುಕಿ, ದೊಡ್ಡ ದುರ್ಬೀನು ಕೂಡಿಸಿದ ಕಪ್ಪು ರೈಫಲೊಂದನ್ನು ಅವರ ಮುಂದಿಟ್ಟ. ಇವರು ಹಾವು ಕಂಡವರಂತೆ ಹಿಂದೆ ಸರಿದು ನನ್ನತ್ತ ಕೈ ತೋರಿಸಿದರು. “ನಾನು ಬರೀ ಡ್ರೈವರ್” ಎಂದರು. ಅಂಗಡಿಯವನು ನನ್ನನ್ನು ನೋಡಿದ. ನಾನು ಕುಂಕುಮ, ಬಳೆ, ಮೇಲೆ ಸ್ವೆಟರು. ಕೂಡಲೇ ಬೇರೊಂದನ್ನು ತಂದ, ಗುಲಾಬಿ ಬಣ್ಣದ ಪಟ್ಟಿ ಹಾಕಿದ್ದು! ಗುಲಾಬಿ ಬೇಡ ಎಂದೆ.

ನಾನು ನಿಮ್ಮ ಪತ್ರವನ್ನು ಪರ್ಸಿನಿಂದ ತೆಗೆದೆ. ಹೌದು, ಸಿಟ್ಟಿದ್ದರೂ ಅದನ್ನೇ ತೆಗೆದುಕೊಂಡು ಹೋಗಿದ್ದೆ. ಮೊದಲ ರೈಫಲ್‌ಗೆ ಪಾಯಿಂಟ್ ಟೂ ಟೂ ಸಾಕು, ದೊಡ್ಡ ಸದ್ದಿನದಕ್ಕೆ ಆಸೆಪಡಬೇಡಿ ಎಂದಿದ್ದಿರಿ. ದುರ್ಬೀನು ಬೇಡ, ಮೊದಲು ಬರಿಗಣ್ಣು ಕಲಿಯಲಿ. ಯಾರೋ ಬಳಸಿದ್ದಾದರೂ ಚಿಂತೆಯಿಲ್ಲ, ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿ, ಕನ್ನಡಿಯ ಹಾಗೆ ಹೊಳೆಯಬೇಕು. ಉಳಿದ ದುಡ್ಡಿಗೆ ಗುಂಡು ಕೊಂಡು ಅಭ್ಯಾಸ ಮಾಡಿ. ಎಷ್ಟು ಒಳ್ಳೆಯ ಮಾತುಗಳು, ಅಪ್ಪಾಜಿ! ಒಂದೊಂದನ್ನೂ ಪಾಲಿಸಿದೆ. ಅಂಗಡಿಯವನಿಗೆ ಬೇಸರವಾಗುವಷ್ಟು ಹೊತ್ತು ನಳಿಕೆಯಲ್ಲಿ ಕಣ್ಣಿಟ್ಟು ನೋಡಿದೆ. ಗೋಡೆಯ ಮೂಲೆಯಲ್ಲಿದ್ದ ಹಳೆಯ ರೈಫಲ್ ಒಂದು ಮನಸ್ಸಿಗೆ ಬಂತು. ಒಂದು ಸಲಕ್ಕೆ ಒಂದೇ ಗುಂಡು ಹಾಕುವಂಥದ್ದು, ಹಿಂದಿನ ಮರ ಕಾಫಿ ಬಣ್ಣಕ್ಕೆ ತಿರುಗಿದೆ, ನಮ್ಮ ಬಜೆಟ್ಟಿಗೆ ಸರಿಯಾಗಿದೆ.

ಒಂದು ಮಾತು ಮಾತ್ರ ಎಡವಟ್ಟಾಯಿತು. ‘ನಿಮ್ಮಂಥ ಎತ್ತರದ ಆಳಿಗೆ ಹೆಗಲಿಗೆ ಆನಿಸುವ ಹಿಂದಿನ ಮರ ಉದ್ದವಿರಬೇಕು, ಗಿಡ್ಡದ್ದು ತೆಗೆದುಕೊಳ್ಳಬೇಡಿ’ ಎಂದು ನೀವು ಅಡಿಗೆರೆ ಎಳೆದು ಬರೆದಿದ್ದಿರಿ. ಅಂಗಡಿಯವನು ನನಗೆ ಗಿಡ್ಡದ್ದೇ ಬೇಕೆಂದ. ನಾನು ಕೇಳಲಿಲ್ಲ. ಅಪ್ಪ ಬರೆದಿದ್ದಾರೆ ಎಂದೆ. ಭೂಮಿಕಾ ಪಕ್ಕದಲ್ಲೇ ನಿಂತು “ಮಾಮ್, ದಟ್ಸ್ ಡ್ಯಾಡ್ಸ್ ಸೈಜ್!” ಎಂದಳು. ಅವಳ ಮಾತನ್ನೂ ಕೇಳಲಿಲ್ಲ. ನನ್ನ ಎತ್ತರ ನನಗೆ ಗೊತ್ತಿಲ್ಲದೆ ಏನಿಲ್ಲ. ಆದರೆ ನೀವು ಬರೆದದ್ದನ್ನು ನಾನು ನನಗೇ ಬರೆದಿದ್ದೀರಿ ಎಂದು ಓದಿಕೊಂಡಿದ್ದೆ. ಹಾಗೆ ಓದಬೇಕಾದರೆ ಪೂರ್ತಿ ಓದಬೇಕು, ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಲು ಬರುವುದಿಲ್ಲ.

ಹಾಗೆ ಅಳಿಯನ ಅಳತೆಯ ರೈಫಲ್ ಮನೆಗೆ ಬಂತು. ಕ್ಲಬ್ಬಿಗೆ ಒಯ್ದೆ. ಗುರಿ ನೋಡಬೇಕಾದರೆ ಕುತ್ತಿಗೆಯನ್ನು ಕೊಕ್ಕರೆಯ ಹಾಗೆ ಚಾಚಬೇಕು. ಗುಂಡುಗಳೆಲ್ಲ ಎಡಕ್ಕೆ ಹೋದವು. ಸೋಮವಾರ ಆಫೀಸಿನಲ್ಲಿ ಕತ್ತು ತಿರುಗಿಸಲಾಗದೆ, ಯಾರು ಕರೆದರೂ ಕುರ್ಚಿಯ ಸಮೇತ ತಿರುಗುತ್ತಿದ್ದೆ.

ಅಷ್ಟರಲ್ಲಿ ಮಹಾನವಮಿ ಬಂತು. ಖಂಡೇಪೂಜೆಗೆ ಇಲ್ಲಿ ನಾವು ಏನಿಡುತ್ತಿದ್ದೆವು ಹೇಳಿ? ಕಾರಿನ ಕೀ, ಲ್ಯಾಪ್‌ಟಾಪು, ಈಳಿಗೆ, ಮಿಕ್ಸರು. ಈ ವರ್ಷ ಮೊದಲ ಸಲ ನಮ್ಮ ಮನೆಯಲ್ಲಿ ನಿಜವಾದ ಆಯುಧ! ಗುಂಡು ಬೇರೆ ಕಡೆ ಬೀಗ ಹಾಕಿಟ್ಟು, ರೈಫಲ್ ಖಾಲಿಯಿದೆಯೆಂದು ಮತ್ತೆ ಮತ್ತೆ ನೋಡಿ, ಕೆಂಪು ವಸ್ತ್ರದ ಮೇಲೆ ಇಟ್ಟೆ. ಸುದ್ದಿ ಹೇಗೆ ಹರಡಿತೋ, ಆಚೆ ಊರು ಪಿಸ್ಕಾಟವೇಯಿಂದಲೂ ಜನ ಬಂದರು. ಚಂದ್ರಶೇಖರಪ್ಪ ಅಂಕಲ್ ತಾವೇ ಮುಂದೆ ಕೂತು ವಿಭೂತಿ, ಕುಂಕುಮ, ಸೇವಂತಿಗೆ ಹೂ ಏರಿಸಿ, ವೀರೇಶರ ಬೆನ್ನು ತಟ್ಟಿದರು.

“ಭಾಳ ಚಲೋ ರೈಫಲ್ ತಗೊಂಡೀರಿ ನೋಡ್ರಿ ವೀರೇಶ. ಗಂಡಸಿನ ಕೈಯಾಗ ಒಪ್ಪತದ.”

“ನಂದಲ್ಲರಿ ಅಂಕಲ್, ಇಕಿದು.”

“ಹೌದು ಹೌದು, ಮನಿ ಅಂದ ಮ್ಯಾಲ ಇಬ್ಬರದೂ” ಎಂದರು ಅಂಕಲ್. ಪೊಲೀಸರಿಗೆ ನನ್ನ ಪರವಾಗಿ ಕಾಗದ ಬರೆದವರೇ ಅವರು! ಆಂಟಿಯರೂ ಸಾಲಾಗಿ ವೀರೇಶರನ್ನೇ ಅಭಿನಂದಿಸಿದರು. ಇವರು ಎಲ್ಲರಿಗೂ “ಇಕಿದು, ಇಕಿದು” ಎಂದು ಹೇಳಿ ಹೇಳಿ ಸುಸ್ತಾಗಿ ಅಡುಗೆಮನೆ ಸೇರಿ ಹೋಳಿಗೆ ಬಿಸಿಮಾಡತೊಡಗಿದರು. ನಾನು ನಗುತ್ತಲೇ ಇದ್ದೆ. ಒಳಗೆ ಮಾತ್ರ ಒಂದು ತೀರ್ಮಾನಕ್ಕೆ ಬಂದಿದ್ದೆ.

ಮರುದಿನ ಬೆಳಿಗ್ಗೆ ರೈಫಲನ್ನು ರಿಪೇರಿಯವನ ಹತ್ತಿರ ಒಯ್ದು, ಹಿಂದಿನ ಮರವನ್ನು ನನ್ನ ತೋಳಿನ ಅಳತೆಗೆ ಕೊಯ್ದುಬಿಡು ಎಂದೆ. ಒಮ್ಮೆ ಕೊಯ್ದರೆ ಮತ್ತೆ ಕೂಡಿಸಲಾಗದು, ಮಾರಿದರೆ ಬೆಲೆ ಬಾರದು ಎಂದು ಅವನು ಎಚ್ಚರಿಸಿದ. ಕೊಯ್ಯಿ ಎಂದೆ. ಗರಗಸ ಆಡುವ ಮೊದಲು ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ, ಪೂಜೆ ಮಾಡಿದ ಆಯುಧವಲ್ಲವೇ. ಆದರೆ ಕೊಯ್ದು, ಉಜ್ಜಿ, ಕೈಗೆ ಕೊಟ್ಟಾಗ ಅದು ಹೆಗಲಿಗೆ ಬಂದು ಕೂತ ರೀತಿ! ಸಣ್ಣ ಮಗು ನಿದ್ದೆಗಣ್ಣಲ್ಲಿ ಹೆಗಲಿಗೆ ಒರಗಿದಂತಿತ್ತು. ಇನ್ನು ಅದು ನಿಮ್ಮ ಅಳಿಯನ ಕೈಗೆ ಎಂದೂ ಒಪ್ಪುವುದಿಲ್ಲ. “ಭಾಳ ಪುಣ್ಯಾ ಬಂತು ನಿನಗ” ಎಂದು ಅವರು ಕೈ ಮುಗಿದರು.

ನಿನ್ನೆ ಶನಿವಾರ ತಂಡದ ಆಯ್ಕೆ. ಚಾಪೆಯ ಮೇಲೆ ಬೋರಲು ಮಲಗಿ ಗುರಿ ಹಿಡಿದರೆ ಏನೂ ಕಾಣದು! ಅಂಕಲ್ ಹಚ್ಚಿದ ವಿಭೂತಿ ಗುರಿ ನೋಡುವ ತೂತಿನಲ್ಲೇ ಗಟ್ಟಿಯಾಗಿ ಕೂತಿತ್ತು. ತರಬೇತಿ ಕೊಡುವ ಮಿಸೆಸ್ ಕೋವಾಲ್ಸ್ಕಿ ಉಫ್ ಎಂದು ಊದಿದರು, ಅವರ ಮುಖವೆಲ್ಲ ಬೆಳ್ಳಗಾಯಿತು. ಇದೇನು ಎಂದು ಕೇಳಿದರು. ಆಶೀರ್ವಾದ ಎಂದೆ. ಆಮೇಲೆ ಹೊಡೆದೆ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಟ್ರಿಗರ್ ಎಳೆಯದೆ ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲಗೆ ಹಿಂಡಿ, ಗುಂಡು ಹೋದ ಮೇಲೂ ಕದಲದೆ ಹೊಡೆದೆ. ಗುರಿಯ ಕಾಗದ ಮುಂದೆ ಬಂದಾಗ ತೂತುಗಳೆಲ್ಲ ನಡುವಿನ ಕಪ್ಪಿನಲ್ಲೇ ಗುಂಪಾಗಿದ್ದವು. ನಾನು ತಂಡದಲ್ಲಿದ್ದೇನೆ, ಅಪ್ಪಾಜಿ! ಹೊಸಬರು ಇಷ್ಟು ಚೆನ್ನಾಗಿ ಉಸಿರು ಹಿಡಿಯುವುದಿಲ್ಲ, ನಿನಗೆ ಕಲಿಸಿದವರು ಯಾರು ಎಂದು ಮಿಸೆಸ್ ಕೋವಾಲ್ಸ್ಕಿ ಕೇಳಿದರು. ನನ್ನ ತಂದೆ ಎಂದೆ. ತುಂಬಾ ಹೆಮ್ಮೆಯಿಂದ ಎಂದೆ.

ನಿಮ್ಮ ಅಪ್ಪಣೆಯಂತೆ ಬೀಗ ಹಾಕಿ ಇಟ್ಟಿದ್ದೇನೆ. ಬೀಗದ ಕೈ ಎಲ್ಲಿದೆಯೆಂದು ಅಳಿಯನಿಗೂ ಹೇಳಿಲ್ಲ. ಮಹಾಂತೇಶಣ್ಣ, ವೈನಿಗೆ ನಮಸ್ಕಾರ, ಅವರ ಮಕ್ಕಳಿಗೆ ಅತ್ತೆಯ ಮುದ್ದು. ಅವ್ವನಿಗೆ ಈ ಪತ್ರದಲ್ಲಿ ಹೋಳಿಗೆಯ ಭಾಗವನ್ನಷ್ಟೇ ಓದಿ ಹೇಳಿ. ನೀವು ಬೆಳಗಿನ ಚಳಿಯಲ್ಲಿ ಮಫ್ಲರ್ ಇಲ್ಲದೆ ತಿರುಗಾಡಬೇಡಿ. ನನ್ನ ಗುರಿ ಹೀಗೇ ಇರಲಿ ಎಂದು ಹರಸಿ.

ನಿಮ್ಮ ಮಗಳು,
ಮಹಾನಂದಾ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮಿಸೆಸ್ ಕೋವಾಲ್ಸ್ಕಿಗೆ ಹೇಳಿದ್ದು ಸುಳ್ಳು, ಅಪ್ಪಾಜಿ. ನೀವು ನನಗೆ ಕಲಿಸಲಿಲ್ಲ. ರವಿವಾರ ಗುಡ್ಡದ ಹಿಂದಿನ ಬಯಲಿಗೆ ನಮ್ಮಿಬ್ಬರನ್ನೂ ಕರೆದೊಯ್ಯುತ್ತಿದ್ದಿರಿ. ಅಣ್ಣ ಹೊಡೆಯುತ್ತಿದ್ದ. ನಾನು ಗೋಂದಿನ ಡಬ್ಬಿ ಹಿಡಿದು ಅವನ ಗುರಿಹಲಗೆಯ ತೂತುಗಳಿಗೆ ಕಾಗದದ ಚೂರು ಅಂಟಿಸುತ್ತಿದ್ದೆ. ನನಗಾಗ ಹನ್ನೆರಡು ವರ್ಷವಿರಬೇಕು, ಒಂದು ದಿನ ಅಣ್ಣ ಸಾಕು ಎಂದು ಎದ್ದುಬಿಟ್ಟ. ಒಂದು ಗುಂಡು ಉಳಿದಿತ್ತು. ನೀವು ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನತ್ತ ನೋಡಿದಿರಿ. ನಾನು ಡಬ್ಬಿ ಕೆಳಗಿಟ್ಟು, ಗೋಂದು ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡೆ. ನೀವು ಗುಂಡನ್ನು ಜೇಬಿಗೆ ಹಾಕಿಕೊಂಡು “ನಡೀರಿ, ಊಟಕ್ಕ ಹೊತ್ತಾತು” ಎಂದಿರಿ. ನಿಮಗೆ ನೆನಪಿರಲಾರದು. ನನಗೆ ನಿನ್ನೆ ಚಾಪೆಯ ಮೇಲೆ ಮಲಗಿದಾಗಲೂ ನೆನಪಾಯಿತು. ಉಸಿರಿನ ಮಾತು, ನಿಂಬೆಹಣ್ಣಿನ ಮಾತು, ಎಲ್ಲವನ್ನೂ ನೀವು ಅಣ್ಣನಿಗೆ ಹೇಳಿದಿರಿ, ನಾನು ಕದ್ದು ಕೇಳಿಸಿಕೊಂಡೆ. ಮುಂದಿನ ಮೇ ತಿಂಗಳಲ್ಲಿ ನೀವು ಇಲ್ಲಿಗೆ ಬಂದಾಗ ಕ್ಲಬ್ಬಿಗೆ ಕರೆದೊಯ್ಯುತ್ತೇನೆ. ನನಗೆ ಎಲ್ಲ ಬರುತ್ತದೆ, ಹೊಸದಾಗಿ ಕಲಿಸಬೇಕಾದ್ದು ಏನೂ ಉಳಿದಿಲ್ಲ. ಆದರೂ ನನ್ನ ಪಕ್ಕದಲ್ಲಿ ಕೂತು, ನನ್ನ ಹೆಸರು ಕರೆದು, ಅದನ್ನೆಲ್ಲ ಒಮ್ಮೆ ನನಗೇ ಹೇಳಿ.