ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ ಅಪರಾಧಕ್ಕೆ ಆರು ತಿಂಗಳು

ಶಿವಮೊಗ್ಗ, ೧೮ ಜನವರಿ ೧೯೬೨

ಮಾನ್ಯ ಲೈಸೆನ್ಸ್ ಅಧಿಕಾರಿಗಳೇ,

ನನ್ನ ಮೋಟಾರ್ ಸೈಕಲ್ ಲೈಸೆನ್ಸು ತಮ್ಮ ಮೇಜಿನ ಖಾನೆಯಲ್ಲಿ ಮಲಗಿ ಇವತ್ತಿಗೆ ನಲವತ್ತು ದಿನ. ಆರು ತಿಂಗಳು ಅದನ್ನು ಎಬ್ಬಿಸಕೂಡದೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾನು ಕುಡಿದು ಓಡಿಸಿದೆನೆಂದಲ್ಲ, ಹುಚ್ಚು ವೇಗದಲ್ಲಿ ಬಂದೆನೆಂದಲ್ಲ, ಬ್ರೇಕು ಸರಿಯಿರಲಿಲ್ಲವೆಂದೂ ಅಲ್ಲ. ನೆಲಕ್ಕೆ ಬಿದ್ದಾಗ ನನ್ನ ಬೂಟುಗಾಲು ಒಬ್ಬ ವಯಸ್ಸಾದ ಹೆಂಗಸಿಗೆ ತಗುಲಿತು; ನಾನು ಅವರ ಪಾದ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ತಾಯಿ" ಎಂದೆ. ಇದೇ ನನ್ನ ಅಪರಾಧ. ಇದನ್ನು ತಾವು ತಪ್ಪೊಪ್ಪಿಗೆ ಎಂದು ತೀರ್ಮಾನಿಸಿದಿರಿ. ತಮ್ಮ ಕಚೇರಿಗೆ ಮೂರು ಅರ್ಜಿ ಹಾಕಿದೆ, ಮೂರಕ್ಕೂ ಉತ್ತರವಿಲ್ಲ. ಆದ್ದರಿಂದ ಈ ನಾಲ್ಕನೆಯದನ್ನು ಊರಿನವರೆಲ್ಲ ಓದಲೆಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಆರು ತಿಂಗಳು ಫಟ್‌ಫಟಿ ಏರದಿದ್ದರೆ ನಾನೇನೂ ಸವೆದುಹೋಗುವುದಿಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಟೈಮ್‌ಕೀಪರ್ ಆಗಿರುವ ನಾನು ರೈಲಿನಲ್ಲೇ ಹೋಗಿಬರಬಲ್ಲೆ. ಆದರೆ ನನ್ನ ಹೆಂಡತಿ ದಾಕ್ಷಾಯಣಿ ತರಬೇತಿ ಪಡೆದ ಹೆರಿಗೆ ನರ್ಸು. ಸುತ್ತಲ ಹಳ್ಳಿಗಳಿಂದ ಯಾವ ಹೊತ್ತಿಗೆ ಕರೆ ಬಂದರೂ ಚೀಲ ಹಿಡಿದು ನನ್ನ ಹಿಂದೆ ಕೂತು ಹೊರಡುವವಳು. ಒಂಬತ್ತು ವರ್ಷದಿಂದ ಇದು ನಡೆದಿದೆ. ಹೆರಿಗೆ ನೋವು ರೈಲ್ವೆ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ ಸ್ವಾಮಿ. ತಾವು ಕಿತ್ತುಕೊಂಡದ್ದು ನನ್ನ ಲೈಸೆನ್ಸನ್ನಲ್ಲ, ಆ ಬಸುರಿ ಹೆಂಗಸರ ಗಾಡಿಯನ್ನು.

ಕಡತದಲ್ಲಿ ಇಲ್ಲದಿರುವುದನ್ನು ಮೊದಲು ಹೇಳಿಬಿಡುತ್ತೇನೆ. ನವೆಂಬರ್ ಇಪ್ಪತ್ತಾರು, ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಭದ್ರಾವತಿಯಲ್ಲಿ ಒಬ್ಬ ಬಾಣಂತಿಯನ್ನು ನೋಡಿಬರಲು ನಾವಿಬ್ಬರೂ ಹೊರಟಿದ್ದೆವು. ಮಾಚೇನಹಳ್ಳಿ ಇನ್ನೂ ಒಂದು ಫರ್ಲಾಂಗು ಇದೆ ಎನ್ನುವಲ್ಲಿ ನಮ್ಮ ಎಡಗಡೆ ಅರ್ಧ ರಸ್ತೆ ತಿಂದುಕೊಂಡು ಜಲ್ಲಿ ರಾಶಿ ಬಿದ್ದಿತ್ತು. ಅದನ್ನು ತಪ್ಪಿಸಲು ನಾನು ನಡುವಿಗೆ ಬಂದೆ. ಎದುರಿನಿಂದ ಮಾಚೇನಹಳ್ಳಿಯ ಮೆಕ್ಯಾನಿಕ್ ಸನಾವುಲ್ಲಾ ತನ್ನ ತಾಯಿ ಅಮೀನಾ ಬೀ ಅವರನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಿವಮೊಗ್ಗದ ಕಡೆ ಬರುತ್ತಿದ್ದ. ಅವನ ಎಡಗಡೆ ಒಂದು ಹುಲ್ಲಿನ ಗಾಡಿ ನಿಂತಿತ್ತು. ಎತ್ತುಗಳಿದ್ದವು, ಹೊಡೆಯುವವನು ಇರಲಿಲ್ಲ. ಅದನ್ನು ತಪ್ಪಿಸಲು ಅವನೂ ನಡುವಿಗೆ ಬಂದ. ರಸ್ತೆಯಲ್ಲಿ ಉಳಿದಿದ್ದ ನಡು ಒಂದೇ. ಇಬ್ಬರೂ ಬ್ರೇಕು ಒತ್ತಿದೆವು. ಎರಡು ಎಮ್ಮೆಗಳು ಒಂದನ್ನೊಂದು ಮೂಸಿ ನೋಡುವ ಹಾಗೆ ಗಾಡಿಗಳೆರಡೂ ಮುಖಕ್ಕೆ ಮುಖ ಕೊಟ್ಟು, ಸಾವಕಾಶವಾಗಿ ಪಕ್ಕಕ್ಕೆ ಮಲಗಿದವು. ನೆಲಕ್ಕೆ ಕೈ ಊರಿದ ಸನಾವುಲ್ಲಾನ ಬಲ ಮಣಿಕಟ್ಟು ಮುರಿಯಿತು. ದಾಕ್ಷಾಯಣಿ ಜಲ್ಲಿಯ ಮೇಲೆ ಬಿದ್ದು ಮೊಣಕೈ ತರಚಿಕೊಂಡಳು. ಅಮೀನಾ ಬೀ ರಸ್ತೆಯಲ್ಲಿ ಕಾಲು ಚಾಚಿ ಕೂತುಬಿಟ್ಟಿದ್ದರು, ನನ್ನ ಬೂಟುಗಾಲು ಹೋಗಿ ಅವರ ಮೊಣಕಾಲಿಗೆ ಬಡಿಯಿತು.

ಆಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ನನ್ನನ್ನು ಕೇಳಿ ಹೋಗಲಿಲ್ಲ. ಮೂರು ವರ್ಷದ ಹುಡುಗನಾಗಿದ್ದಾಗ ಅಜ್ಜಿಯ ತಟ್ಟೆಗೆ ಕಾಲು ತಾಗಿಸಿ ಬೆನ್ನಿಗೆ ಏಟು ತಿಂದಂದಿನಿಂದ ಆ ಕೈಗೆ ಆ ಅಭ್ಯಾಸ. ಅಮೀನಾ ಬೀ ಅವರ ಕೈಯೂ ಅಷ್ಟೇ ತಾನಾಗಿ ನನ್ನ ತಲೆಯ ಮೇಲೆ ಬಂತು. "ಜೀತೇ ರಹೋ ಬೇಟಾ. ಏನೂ ಆಗಿಲ್ಲ, ಏಳು ಏಳು" ಎಂದರು. ಇದೇ ಗಳಿಗೆಗೆ ಸೈಕಲ್ ಮೇಲೆ ಬಂದ ಪೊಲೀಸ್ ಪೇದೆ ಡಿಕ್ಕಿಯನ್ನು ನೋಡಿರಲಿಲ್ಲ. ನಾನು ಬಗ್ಗಿದ್ದನ್ನು ನೋಡಿದರು. ಜೇಬಿನಿಂದ ಪುಸ್ತಕ ತೆಗೆದು, "ವಿದ್ಯಾನಗರದ ವಾಸಿ ಉಜ್ಜನಪ್ಪ ಎಂಬಾತನು ಎದುರು ಪಕ್ಷದವರ ಕಾಲಿಗೆ ಬಿದ್ದು ತಪ್ಪನ್ನು ಒಪ್ಪಿಕೊಂಡಿರುತ್ತಾನೆ" ಎಂದು ಬರೆದರು. ತಪ್ಪೊಪ್ಪಿಗೆ ಬರೆದುಕೊಂಡವರು ಆಶೀರ್ವಾದವನ್ನು ಬರೆದುಕೊಳ್ಳಲಿಲ್ಲ.

ನಿಜವಾಗಿ ತಪ್ಪು ಯಾರದೆಂಬುದನ್ನು ನಾವು ಅಲ್ಲೇ ಚಹದ ಅಂಗಡಿಯಲ್ಲಿ ಇತ್ಯರ್ಥ ಮಾಡಿಕೊಂಡಿದ್ದೆವು. ದಾಕ್ಷಾಯಣಿ ತನ್ನ ಚೀಲದ ಬ್ಯಾಂಡೇಜನ್ನೆಲ್ಲ ಸನಾವುಲ್ಲಾನ ಕೈಗೆ ಸುತ್ತುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡೇ ಹೇಳಿದ: "ಸಾರ್, ಗಾಡಿ ದಾಟಿದ ಕೂಡ್ಲೇ ನಾನು ಎಡಕ್ಕೆ ಹೋಗ್ಬೇಕಿತ್ತು."

"ನಾನೂ ಹಾರನ್ ಹೊಡೀಬೇಕಿತ್ತು ಮಾರಾಯ."

"ಹಂಗಾದ್ರೆ ಫಿಫ್ಟಿ ಫಿಫ್ಟಿ ಸಾರ್."

ಅಲ್ಲಿಗೆ ಮುಗಿಯಿತು. ಅಮೀನಾ ಬೀ ಅವರಿಗೆ ದಾಕ್ಷಾಯಣಿ ನರ್ಸೆಂದು ತಿಳಿದದ್ದೇ ತಡ, ನೋವನ್ನೂ ಮರೆತು ಅವಳ ಕೈ ಹಿಡಿದುಕೊಂಡರು. "ನನ್ ಸೊಸೆ ಸಲೀಮಾಗೆ ಏಳು ತಿಂಗ್ಳು ತುಂಬಿದೆ. ಹೋದ ಸಲ ಕೂಸು ಉಳೀಲಿಲ್ಲಮ್ಮಾ. ಈ ಸಲ ನೀನೇ ಬರ್ಬೇಕು" ಎಂದರು. ದಾಕ್ಷಾಯಣಿ ಮಾತು ಕೊಟ್ಟಳು. ಡಿಕ್ಕಿಯಿಂದ ನೆಂಟಸ್ತಿಕೆ ಬೆಳೆಯುವುದು ತಮ್ಮ ನಿಯಮಾವಳಿಯ ಯಾವ ಕಲಮಿನಲ್ಲಿದೆಯೋ ನಾನರಿಯೆ.

ಇನ್ನು ತಮ್ಮ ಸನ್ನಿಧಾನದಲ್ಲಿ ನಡೆದ ವಿಚಾರಣೆಯ ವೈಭವ. ಡಿಸೆಂಬರ್ ಒಂಬತ್ತರಂದು ನಾವು ನಾಲ್ವರೂ ಬಂದು ನಿಂತೆವು. ತಾವು ಮೊದಲು ನನ್ನ ಹೆಂಡತಿಯನ್ನು ಕರೆದು ಏನು ಕಂಡಿರೆಂದು ಕೇಳಿದಿರಿ. ಅವಳು ಜಲ್ಲಿ ರಾಶಿ ಕಂಡೆನೆಂದಳು. ಡಿಕ್ಕಿ ಕಂಡಿರಾ ಎಂದಿರಿ. ಇಲ್ಲವೆಂದಳು. ಆಮೇಲೆ ಅಮೀನಾ ಬೀ ಅವರನ್ನು ಕೇಳಿದಿರಿ. ಅವರು ಹುಲ್ಲಿನ ಗಾಡಿ ಕಂಡೆನೆಂದರು, ಡಿಕ್ಕಿ ಕಾಣಲಿಲ್ಲವೆಂದರು. ಇಬ್ಬರು ಪ್ರತ್ಯಕ್ಷ ಸಾಕ್ಷಿಗಳಿಗೂ ಡಿಕ್ಕಿಯೇ ಕಾಣದಿರುವುದು ಅನುಮಾನಾಸ್ಪದ ಎಂದು ತಾವು ಷರಾ ಬರೆದಿರಿ. ಸ್ವಾಮಿ, ತಾವು ಎಂದಾದರೂ ಒಬ್ಬ ಗೃಹಿಣಿ ಮೋಟಾರ್ ಸೈಕಲ್ಲಿನ ಹಿಂದೆ ಕೂರುವುದನ್ನು ನೋಡಿದ್ದೀರಾ? ಸೀರೆ ಉಟ್ಟ ಹೆಂಗಸು ಎರಡೂ ಕಾಲನ್ನು ಎಡಗಡೆಗೆ ಇಳಿಬಿಟ್ಟು ಕೂರುತ್ತಾಳೆ. ಅವಳಿಗೆ ಕಾಣುವುದು ಎಡಗಡೆಯ ಪ್ರಪಂಚ ಮಾತ್ರ. ಎದುರು ಗಾಡಿ ಹಾದುಹೋಗುವುದು ಬಲಗಡೆ, ಅಂದರೆ ಅವಳ ಬೆನ್ನ ಹಿಂದೆ. ಎದುರು ಗಾಡಿಯ ಹೆಂಗಸಿನ ಬೆನ್ನೂ ಹಾಗೆಯೇ. ಈ ಮಹಾತಾಯಂದಿರಿಬ್ಬರೂ ಬೆನ್ನಿಗೆ ಬೆನ್ನು ಹಾಕಿ ಒಬ್ಬರು ಜಲ್ಲಿಯನ್ನೂ ಇನ್ನೊಬ್ಬರು ಹುಲ್ಲನ್ನೂ ಕಂಡದ್ದರಿಂದಲೇ ನಾವಿಬ್ಬರೂ ನಡುವಿಗೆ ಏಕೆ ಬಂದೆವೆಂಬುದು ಸಾಬೀತಾಗುತ್ತಿತ್ತಲ್ಲ!

"ನಡುವಿನದನ್ನು ಕಂಡವರು ಯಾರು?" ಎಂದು ಗುಡುಗಿದಿರಿ. ನಾನೂ ಸನಾವುಲ್ಲಾನೂ ಒಟ್ಟಿಗೆ ಕೈ ಎತ್ತಿದೆವು. "ನೀವು ಕಕ್ಷಿಗಾರರು, ಸಾಕ್ಷಿಗಳಲ್ಲ" ಎಂದು ನಮ್ಮ ಕೈ ಇಳಿಸಿದಿರಿ. ಮುರಿದ ಕೈ ಇಳಿಸುವಾಗ ಸನಾವುಲ್ಲಾ ನೋವಿನಿಂದ ಅಯ್ಯೋ ಎಂದ. ಅದನ್ನು ಮಾತ್ರ ತಮ್ಮ ಗುಮಾಸ್ತರು ಬರೆದುಕೊಂಡರು.

ಅಮೀನಾ ಬೀ ಅವರಿಗೆ ತಡೆಯಲಾಗಲಿಲ್ಲ. "ಆ ಮಗ ನನ್ ಕಾಲು ಮುಟ್ಟಿದ್ದು ಬೂಟು ತಗುಲ್ತು ಅಂತ ಸಾಬ್, ಗಾಡಿ ಗುದ್ತು ಅಂತ ಅಲ್ಲ. ನಿಮ್ಗೂ ಅಮ್ಮ ಇದಾರಲ್ಲ?" ಎಂದರು. ತಾವು ಕನ್ನಡಕದ ಮೇಲಿಂದ ನನ್ನನ್ನು ನೋಡಿದಿರಿ.

"ಕಾಲು ಮುಟ್ಟಿದಿರಾ?"

"ಮುಟ್ಟಿದೆ ಸ್ವಾಮಿ."

"ತಪ್ಪಾಯ್ತು ಅಂದಿರಾ?"

"ಅಂದೆ."

"ಮತ್ತಿನ್ನೇನು?"

ಮತ್ತಿನ್ನೇನು! ಈ ಮೂರು ಮಾತಿನಲ್ಲಿ ತಾವು ಒಂದು ಹೊಸ ಕಾನೂನನ್ನೇ ಮಾಡಿಬಿಟ್ಟಿರಿ. ಅದರ ಪ್ರಕಾರ ನಾಳೆಯಿಂದ ಶಿವಮೊಗ್ಗದ ಪ್ರತಿ ಛತ್ರದ ಬಾಗಿಲಿಗೂ ಪೊಲೀಸರನ್ನು ನಿಲ್ಲಿಸಬೇಕಾಗುತ್ತದೆ; ಹಸೆಯಿಂದ ಎದ್ದ ಮದುಮಕ್ಕಳು ಸಾಲಾಗಿ ನೂರಾರು ಜನರ ಕಾಲಿಗೆ ಬೀಳುತ್ತಾರಲ್ಲ, ಅಷ್ಟು ಅಪರಾಧ ಮಾಡಿದ ದಂಪತಿಯನ್ನು ಹೊರಗೆ ಬಿಡುವುದುಂಟೇ? ಪುಸ್ತಕಕ್ಕೆ ಕಾಲು ತಾಗಿ ಕಣ್ಣಿಗೊತ್ತಿಕೊಳ್ಳುವ ಶಾಲಾ ಮಕ್ಕಳ ಮೇಲೆ ಯಾವ ಮೊಕದ್ದಮೆ ಹಾಕುತ್ತೀರಿ? ಭಾನುವಾರದ ಬಸ್ಸಿನಲ್ಲಿ ಒಬ್ಬರ ಕಾಲು ಒಬ್ಬರಿಗೆ ತಗುಲಿ ಎಲ್ಲರೂ ಎಲ್ಲರನ್ನೂ ಮುಟ್ಟಿ ನಮಸ್ಕರಿಸುತ್ತಿರುತ್ತಾರೆ. ಇಡೀ ಬಸ್ಸನ್ನೇ ಠಾಣೆಗೆ ತಿರುಗಿಸುವುದು ಒಳ್ಳೆಯದು.

ಕೋಪಿಸಿಕೊಳ್ಳಬೇಡಿ, ಇನ್ನೊಬ್ಬ ಆರೋಪಿಯ ವಿಷಯವೂ ನನಗೆ ಗೊತ್ತು. ತಾವು ಅಪ್ಪಣೆಗೆ ರುಜು ಹಾಕಲು ಹೊರಟಾಗ ನನ್ನ ಕಡತ ಮೇಜಿನಿಂದ ಜಾರಿ ಕೆಳಗೆ ಬಿತ್ತು. ತಮ್ಮ ಬೂಟು ಅದಕ್ಕೆ ತಗುಲಿತು. ತಾವು ತಟಕ್ಕನೆ ಬಗ್ಗಿ ಅದನ್ನೆತ್ತಿ ಎರಡು ಕಣ್ಣಿಗೂ ಒತ್ತಿಕೊಂಡಿರಿ. ಎಡಗಣ್ಣಿಗೆ ಒಮ್ಮೆ, ಬಲಗಣ್ಣಿಗೆ ಒಮ್ಮೆ. ನಾವು ನಾಲ್ವರೂ ನೋಡಿದೆವು, ಈ ಸಲ ಹೆಂಗಸರಿಬ್ಬರಿಗೂ ಚೆನ್ನಾಗಿಯೇ ಕಂಡಿತು. ಕೇಳಬೇಕೆನ್ನಿಸಿತು, ಧೈರ್ಯ ಸಾಲಲಿಲ್ಲ, ಈಗ ಕೇಳುತ್ತೇನೆ. ಆ ಗಳಿಗೆಯಲ್ಲಿ ತಾವು ಒಪ್ಪಿಕೊಂಡ ತಪ್ಪು ಯಾವುದು ಸ್ವಾಮಿ? ಅದಕ್ಕೆ ತಮ್ಮಿಂದ ಏನನ್ನು ಆರು ತಿಂಗಳು ಕಿತ್ತಿಟ್ಟುಕೊಳ್ಳಬೇಕು?

ತಮ್ಮ ಗುಮಾಸ್ತರು ಒಳ್ಳೆಯವರು. ಹೊರಗೆ ವರಾಂಡದಲ್ಲಿ ನನ್ನ ಭುಜ ಹಿಡಿದು ಉಪಾಯ ಹೇಳಿಕೊಟ್ಟರು. "ಕಾಲು ಮುಟ್ಲಿಲ್ಲ, ಕನ್ನಡಕ ಬಿದ್ದಿತ್ತು, ಎತ್ಕೊಳ್ಳೋಕೆ ಬಗ್ಗಿದೆ ಅಂತ ಒಂದು ಸಾಲು ಬರ್ಕೊಡಿ. ಲೈಸೆನ್ಸು ಸಂಜೆಗೇ ಕೊಡಿಸ್ತೀನಿ."

"ನಾನು ಕನ್ನಡಕ ಹಾಕೋದಿಲ್ವಲ್ಲ ಸ್ವಾಮಿ."

"ಹಾಗಾದ್ರೆ ಪೆನ್ನು ಬಿತ್ತು ಅನ್ನಿ. ಏನೋ ಒಂದು ಬಿತ್ತು ಅನ್ನಿ ಮಾರಾಯ್ರೇ!"

ಮನೆಗೆ ಬಂದು ಕಾಗದ ತೆಗೆದು ಕೂತದ್ದು ನಿಜ. ಸುಳ್ಳು ಹೇಳಲಾರೆ, ಅರ್ಧ ಸಾಲು ಬರೆದೂ ಬಿಟ್ಟಿದ್ದೆ. ದಾಕ್ಷಾಯಣಿ ಒಲೆಯ ಮುಂದಿನಿಂದಲೇ, ತಿರುಗಿ ನೋಡದೆ ಹೇಳಿದಳು: "ಬರ್ಕೊಡಿ ಬೇಕಾದ್ರೆ, ನಾನು ಬೇಡ ಅನ್ನಲ್ಲ. ಆದ್ರೆ ನಾಳೆ ಮಾಚೇನಹಳ್ಳಿಗೆ ಹೋಗಿ ಆ ಅಮ್ಮಂಗೆ ಅದನ್ನ ಓದಿ ಹೇಳೋರೂ ನೀವೇ." ಕಾಗದವನ್ನು ಮಡಿಸಿ ಒಲೆಗೆ ಹಾಕಿದೆ. ಮುರಿದ ಕೈಯ ಮಗನನ್ನು ಪಕ್ಕದಲ್ಲಿಟ್ಟುಕೊಂಡು ನನ್ನ ತಲೆ ಸವರಿದ ಹೆಂಗಸು ಅವರು. ಅವರನ್ನು ಬಿದ್ದುಹೋದ ಪೆನ್ನು ಮಾಡಲು ನನ್ನಿಂದಾಗಲಿಲ್ಲ.

ಅಂದಿನಿಂದ ಕರೆ ಬಂದಾಗಲೆಲ್ಲ ದಾಕ್ಷಾಯಣಿ ಬಸ್ಸಿಗೆ ಕಾದಳು, ಎತ್ತಿನ ಗಾಡಿ ಹತ್ತಿದಳು, ಒಮ್ಮೆ ಕಬ್ಬಿನ ಲಾರಿಯಲ್ಲೂ ಹೋದಳು. ಎರಡು ಮನೆಗೆ ಅವಳು ತಲುಪುವ ಹೊತ್ತಿಗೆ ಹೆರಿಗೆಯೇ ಆಗಿಹೋಗಿತ್ತು. ದೇವರು ದೊಡ್ಡವನು, ತಾಯಿ ಮಕ್ಕಳು ಚೆನ್ನಾಗಿದ್ದರು. ದೇವರು ಪ್ರತಿ ಸಲವೂ ತಮ್ಮ ಕಚೇರಿಯ ಅಪ್ಪಣೆಗೆ ಹೊಂದಿಕೊಂಡು ಕೆಲಸ ಮಾಡಬೇಕೆಂದರೆ ಹೇಗೆ?

ಕಳೆದ ಮಂಗಳವಾರ, ಜನವರಿ ಹದಿನಾರರಂದು, ಮಧ್ಯಾಹ್ನ ಎರಡು ಗಂಟೆಗೆ ಸನಾವುಲ್ಲಾ ಬಸ್ಸಿಳಿದು ಓಡಿಬಂದ. ಕೈಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. "ಸಾರ್, ಸಲೀಮಾಗೆ ಬೆಳಿಗ್ಗೆಯಿಂದ ನೋವು. ಅಮ್ಮಿ ಅಳ್ತಾ ಇದಾರೆ" ಎಂದ. ಮುಂದಿನ ಬಸ್ಸು ನಾಲ್ಕಕ್ಕೆ. ಜಟಕಾದವನಿಗೆ ಮಾಚೇನಹಳ್ಳಿ ಎಂದೊಡನೆ ಅವನ ಕುದುರೆಗೆ ಜ್ವರ ಬಂತು. ನನಗೆ ಅಂದು ರಾತ್ರಿ ಪಾಳಿ, ಮನೆಯಲ್ಲೇ ಇದ್ದೆ. ದಾಕ್ಷಾಯಣಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಫಟ್‌ಫಟಿಯ ಮೇಲಿನ ಗೋಣಿ ತೆಗೆದೆ.

ಸನಾವುಲ್ಲಾನಿಗೆ ನಾಲ್ಕರ ಬಸ್ಸಿಗೆ ಬರಲು ಹೇಳಿ ಹೊರಟು, ಹದಿನೈದು ನಿಮಿಷದಲ್ಲಿ ನಾವಿಬ್ಬರೂ ಮಾಚೇನಹಳ್ಳಿ ತಲುಪಿದೆವು. ನಾನು ಹೊರಗೆ ಸನಾವುಲ್ಲಾನ ಮಳಿಗೆಯ ಕಟ್ಟೆಯ ಮೇಲೆ ಕೂತಿದ್ದೆ. ಮೂರು ಗಂಟೆಗೆ ಸರಿಯಾಗಿ ಕೂಸು ಅತ್ತಿತು. ಹೆಣ್ಣು. ದಾಕ್ಷಾಯಣಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಹೇಳಿದಳು: "ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು ಸುತ್ಕೊಂಡಿತ್ತು ರೀ. ನಾಲ್ಕರ ಬಸ್ಸಿಗೆ ಬಂದಿದ್ರೆ..." ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂಬತ್ತು ವರ್ಷದಲ್ಲಿ ಅವಳು ಹೆರಿಗೆ ಮಾಡಿಸಿ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಅತ್ತೆ.

ಮಾನ್ಯರೇ, ತಪ್ಪು ಯಾರದೆಂದು ತೀರ್ಮಾನಿಸುವುದು ತಮ್ಮ ಕೆಲಸ. ಆ ಕೆಲಸವನ್ನು ಸುಲಭ ಮಾಡಿಕೊಡುತ್ತೇನೆ. ಮೇಲ್ಕಂಡ ದಿನ ಲೈಸೆನ್ಸಿಲ್ಲದೆ, ತಮ್ಮ ಅಪ್ಪಣೆ ಗೊತ್ತಿದ್ದೂ, ವಿದ್ಯಾನಗರದಿಂದ ಮಾಚೇನಹಳ್ಳಿಯವರೆಗೆ ಮೋಟಾರ್ ಸೈಕಲ್ ಓಡಿಸಿದವನು ನಾನೇ. ವೇಗವೂ ಜಾಸ್ತಿಯೇ ಇತ್ತು. ಇದನ್ನು ಕಡತಕ್ಕೆ ಸೇರಿಸಿ, ಏನು ಶಿಕ್ಷೆಯೋ ಅದನ್ನು ಕೊಡಿ. ಆದರೆ ಹಳೆಯ ವರದಿಯ ಆ ಒಂದು ಸಾಲನ್ನು ಹೊಡೆದು ಹಾಕಿ, ನನ್ನ ಲೈಸೆನ್ಸನ್ನು ಹಿಂದಿರುಗಿಸಿ. ಈ ತಿಂಗಳಲ್ಲೇ ಇನ್ನೂ ಮೂವರು ಹೆಂಗಸರಿಗೆ ದಿನ ತುಂಬುತ್ತದೆ. ಅಷ್ಟರೊಳಗೆ ಲೈಸೆನ್ಸು ಬರದಿದ್ದರೆ ತಮ್ಮ ಕಚೇರಿಯ ಜೀಪು ನಮ್ಮ ಮನೆ ಬಾಗಿಲಲ್ಲಿ ನಿಂತಿರಲಿ. ಅದೂ ಆಗದಿದ್ದರೆ ನಾನು ಮತ್ತೆ ಓಡಿಸುತ್ತೇನೆ, ಈಗಲೇ ತಿಳಿಸಿದ್ದೇನೆ. ಆ ತಪ್ಪಿಗಾಗಿ ಮಾತ್ರ ನಾನು ಯಾರ ಕಾಲನ್ನೂ ಮುಟ್ಟುವುದಿಲ್ಲ.

ಇಂತಿ,
ಒಂದು ತಪ್ಪನ್ನು ಮಾಡದೆ ಒಪ್ಪಿಕೊಂಡವನೆನಿಸಿಕೊಂಡು, ಇನ್ನೊಂದನ್ನು ಮಾಡಿ ತಾನೇ ಒಪ್ಪಿಕೊಂಡಿರುವ,
ಟೈಮ್‌ಕೀಪರ್ ಉಜ್ಜನಪ್ಪ
ವಿದ್ಯಾನಗರ, ಶಿವಮೊಗ್ಗ