ಇಪ್ಪತ್ತೊಂಬತ್ತು ಮುಖಗಳ ತಕರಾರು

ಭಟ್ಟಿ ಓಣಿ, ದಾವಣಗೆರೆ
ಫೆಬ್ರುವರಿ 34, 2193

‘ನಮ್ಮ ಭಟ್ಟಿ ಓಣಿ – ಹಳೇ ನೆನಪು’ ಗುಂಪಿನ ಸಮಸ್ತ ಪೂಜ್ಯ ಸದಸ್ಯರಿಗೆ, 2026ನೇ ಇಸವಿಯಲ್ಲಿ ತಾವು ಎಲ್ಲೆಲ್ಲಿ ಕೂತು ಮೊಬೈಲು ಒತ್ತುತ್ತಿದ್ದೀರೋ ಅಲ್ಲಲ್ಲಿಗೇ, ನನ್ನ ಸಾಷ್ಟಾಂಗ ವಂದನೆಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಏಪ್ರಿಲ್, ಮೇ ತಿಂಗಳ ಬಿಸಿಲು ತಡೆಯಲಾರದೆ ನಮ್ಮ ಹಿಂದಿನವರು ಆ ಎರಡರಿಂದಲೂ ಮೂರು ಮೂರು ದಿನ ಕಿತ್ತು ಫೆಬ್ರುವರಿಗೆ ಸೇರಿಸಿದರು. ಬೇಸಿಗೆ ಆರು ದಿನ ಕಡಿಮೆಯಾಯಿತೆಂದು ಸನ್ಮಾನ ಸಮಾರಂಭವೂ ನಡೆಯಿತು. ಸೆಖೆಗೆ ಮಾತ್ರ ಯಾರೂ ವಿಷಯ ತಿಳಿಸಲಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಗುಂಪಿನ ಬರಹ ಓದಿ. ಹಾಗಾಗಿ ಪ್ರತಿ ವಾಕ್ಯದ ಕೊನೆಗೂ ಮುಗಿದ ಕೈಗಳ ಚಿತ್ರ ಹಾಕಬೇಕೆನಿಸುತ್ತದೆ, ಕಷ್ಟಪಟ್ಟು ತಡೆದುಕೊಂಡಿದ್ದೇನೆ. ಪತ್ರ ಹೇಗೆ ತಲುಪಿತೆಂದು ಕೇಳಬೇಡಿ. ನೀವು ದಿನಾ ಬೆಳಿಗ್ಗೆ ಕಳಿಸುತ್ತಿದ್ದ ಗುಲಾಬಿ ಹೂವಿನ ಶುಭೋದಯಗಳು ನೂರಾ ಅರವತ್ತೇಳು ವರ್ಷ ದಾಟಿ ನಮಗೆ ಬಂದು ಮುಟ್ಟಿವೆ. ಹನ್ನೊಂದು ಸಾವಿರ ಇವೆ. ಅವು ಬರಬಲ್ಲವಾದರೆ ಇದೂ ಹೋಗಬಲ್ಲದು.

ನಾನು ಶಮೀನಾ ಗಂಗಪ್ಪ, ವಯಸ್ಸು ಹತ್ತೊಂಬತ್ತು, ಭಟ್ಟಿ ಓಣಿಯ ಗೌರವ ಚಿತ್ರಪಾಲಕಿ. ಈ ಹುದ್ದೆಗೆ ನನ್ನನ್ನು ನಾನೇ ಸರ್ವಾನುಮತದಿಂದ ಆರಿಸಿಕೊಂಡೆ.

ಓಣಿ ಇನ್ನೂ ಇದೆ. ಮಂಡಕ್ಕಿಯನ್ನು ಇನ್ನೂ ಹುರಿಯುತ್ತೇವೆ. ಹೊಟ್ಟಿನ ಬೆಂಕಿ, ಹೊಗೆ, ಕೆಮ್ಮು ಈಗಿಲ್ಲ; ಮಾಳಿಗೆಯ ಮೇಲಿರುವ ಬಿಸಿಲುಬಟ್ಟಲು, ಅಂದರೆ ಸೂರ್ಯನನ್ನು ಹಿಡಿದು ಬಾಣಲೆಗೆ ಇಳಿಸುವ ದೊಡ್ಡ ಕನ್ನಡಿ, ಮರಳನ್ನು ಕಾಯಿಸುತ್ತದೆ. ಅಕ್ಕಿ ಅರಳುವ ಸದ್ದು ಮಾತ್ರ ನಿಮ್ಮ ಕಾಲದ್ದೇ ಇರಬೇಕು. ಬೆಳಗಿನ ಐದರಿಂದ ಒಂಬತ್ತರವರೆಗೆ ‘ತಂಪುವೇಳೆ’. ಸಂತೆ, ಮದುವೆ, ಬೀದಿ ಜಗಳ ಎಲ್ಲ ಅಷ್ಟರೊಳಗೇ ಮುಗಿಯಬೇಕು. ಮುಗಿಯದ ಜಗಳವನ್ನು ಅಲ್ಲಿಗೇ ನಿಲ್ಲಿಸಿ ಮರುದಿನ ಅದೇ ಮಾತಿನಿಂದ ಮುಂದುವರಿಸುತ್ತೇವೆ. ಸಂಜೆ ‘ಗೋಡೆಹೊತ್ತು’. ಓಣಿಯ ಉದ್ದನೆಯ ಗೋಡೆಯ ಮೇಲೆ ಹಳೆಯ ಚಿತ್ರಗಳು ಒಂದೊಂದಾಗಿ ಮೂಡುತ್ತವೆ. ಅವೆಲ್ಲ ನಿಮ್ಮ ಗುಂಪಿನಲ್ಲಿ ನೀವು ಹಂಚಿಕೊಂಡವು, ಕೆಳಗೆ ನೀವು ಬರೆದ ಮಾತುಗಳ ಸಮೇತ. ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ನಾವು ನಿಮ್ಮನ್ನು ನೋಡುತ್ತೇವೆ. ನಿಮ್ಮ ಬೆಲ್‌ಬಾಟಮ್ ಪ್ಯಾಂಟುಗಳಿಗೆ ನಾವು ನಕ್ಕಿದ್ದೇವೆಂದು ತಿಳಿಸಲು ವಿಷಾದಿಸುತ್ತೇನೆ.

ಈಗ ವಿಷಯ. ನಮ್ಮಲ್ಲಿ ನೋಟಶುದ್ಧಿ ಮಂಡಳಿ ಎಂಬುದೊಂದಿದೆ. ಹಳೆಯ ಚಿತ್ರಗಳನ್ನು ಅಂದಗೊಳಿಸುವುದು ಅದರ ಕೆಲಸ. ಮುಚ್ಚಿದ ಕಣ್ಣು ತೆರೆಸುತ್ತಾರೆ, ವಾಲಿದ ಕಂಬ ನೆಟ್ಟಗೆ ಮಾಡುತ್ತಾರೆ. ಅಷ್ಟಾದರೆ ಸಹಿಸಬಹುದಿತ್ತು. ಆದರೆ ‘ಮುಖತೆರವು’ ಎಂಬ ನಿಯಮವಿದೆ: ಹೆಸರಿಲ್ಲದ ಮುಖ ಚಿತ್ರದಲ್ಲಿ ಇರುವಂತಿಲ್ಲ. ಯಾರೆಂದೇ ಗೊತ್ತಿಲ್ಲದವರ ಮುಖ ತೋರಿಸಲು ಒಪ್ಪಿಗೆ ಕೊಡುವವರು ಯಾರು ಎಂಬುದು ಅವರ ವಾದ. ಮುಖ ತೆಗೆದ ಜಾಗಕ್ಕೆ ಗೋಡೆಯನ್ನೋ ಗಿಡವನ್ನೋ ತುಂಬುತ್ತಾರೆ.

ನಿಮ್ಮ ಗುಂಪಿನ ಆ ಒಂದು ಫೋಟೊ ನೆನಪಿದೆಯೇ? 1987, ಭಟ್ಟಿಯ ಎದುರಿನ ರಸ್ತೆ, ನಲವತ್ತಮೂರು ಜನ. ಹಿಂದೆ ನಿಂತವರು ಹದಿನಾಲ್ಕು ಮಂದಿ. ಅವರ ಹೆಸರು, ತಂದೆಯ ಹೆಸರು, ಹುದ್ದೆ ಎಲ್ಲವನ್ನೂ ಎಡದಿಂದ ಬಲಕ್ಕೆ ಬರೆದಿದ್ದೀರಿ. ಮುಂದೆ ರಸ್ತೆಯ ಮೇಲೇ ಕೂತವರು ಇಪ್ಪತ್ತೊಂಬತ್ತು ಮಂದಿ. ಅವರ ಬಗ್ಗೆ ನೀವು ಬರೆದದ್ದು ಇಷ್ಟು: ‘ಕೂತವರು: ಓಣಿಯ ಹೆಂಗಸರು ಮತ್ತು ಇತರರು. ಅವತ್ತು ಏನೋ ಗಲಾಟೆ ಆಗಿತ್ತು.’ ನಡುವೆ ಒಬ್ಬ ಹೆಂಗಸಿದ್ದಾರೆ. ಕೈಯಲ್ಲಿ ಜರಡಿ ಎತ್ತಿ ಹಿಡಿದಿದ್ದಾರೆ, ಬಾಯಿ ತೆರೆದಿದೆ, ಉಳಿದವರೆಲ್ಲ ಅವರನ್ನೇ ನೋಡುತ್ತಿದ್ದಾರೆ. ಚಿತ್ರದ ಕೆಳಗೆ ನೂರಾ ಹದಿನೆಂಟು ಪ್ರತಿಕ್ರಿಯೆ. ಆರು ‘ಸೂಪರ್’. ಉಳಿದ ನೂರಾ ಹನ್ನೆರಡೂ ಮೂಲೆಯಲ್ಲಿ ಒರಗಿಸಿದ ಸೈಕಲ್ಲು ಯಾರದೆಂಬ ಜಗಳ.

ಹೋದ ತಿಂಗಳು ಮಂಡಳಿಯವರು ತಿದ್ದಿದ ಪ್ರತಿ ಕಳಿಸಿದರು. ನಿಂತವರು ಹದಿನಾಲ್ಕೂ ಮಂದಿ ಇದ್ದರು, ಹಲ್ಲು ಬಿಳಿಯಾಗಿತ್ತು. ಮುಂದಿನ ರಸ್ತೆ ಖಾಲಿ. ಜರಡಿ ಹಿಡಿದ ಹೆಂಗಸಿನ ಜಾಗದಲ್ಲಿ ಒಂದು ಹೂಕುಂಡ. ಯಾವ ಗಲಾಟೆಯೂ ಇಲ್ಲದೆ ಹದಿನಾಲ್ಕು ಗಂಡಸರು ಒಂದು ಹೂಕುಂಡವನ್ನು ಗಂಭೀರವಾಗಿ ದಿಟ್ಟಿಸುತ್ತಿದ್ದರು. ನಾನು ಬಹಳ ಹೊತ್ತು ನಕ್ಕೆ. ಆಮೇಲೆ ನಗಲಾಗಲಿಲ್ಲ.

ಆಗ ಕಣ್ಣಿಗೆ ಬಿತ್ತು, ಸೈಕಲ್ಲು ಹಾಗೇ ಇತ್ತು. ಯಾರದೆಂದು ಗೊತ್ತಿಲ್ಲದ ಸೈಕಲ್ಲನ್ನು ಏಕೆ ಬಿಟ್ಟರು? ನಿಯಮದ ಪುಸ್ತಕ ತೆಗೆದು ನೋಡಿದೆ. ‘ತಕರಾರು ಇತ್ಯರ್ಥವಾಗದ ಯಾವುದನ್ನೂ ಚಿತ್ರದಿಂದ ತೆಗೆಯತಕ್ಕದ್ದಲ್ಲ.’ ಪೂಜ್ಯರೇ, ನೀವು ಸೈಕಲ್ಲಿಗಾಗಿ ಬಡಿದಾಡಿದಿರಿ, ಸೈಕಲ್ಲು ಉಳಿಯಿತು. ಮನುಷ್ಯರಿಗಾಗಿ ಬಡಿದಾಡುವ ಕೆಲಸವನ್ನು ನಮಗೆ ಬಿಟ್ಟಿರಿ.

ಇಪ್ಪತ್ತೊಂಬತ್ತು ಮುಖಗಳ ಮೇಲೂ ನಾವು ತಕರಾರು ಹೂಡಿದೆವು. ಮಂಡಳಿಯ ಅಧಿಕಾರಿ ವಿರೂಪಾಕ್ಷಯ್ಯನವರು ಅದರ ವಿಚಾರಣೆಗೆ ಬಂದ ದಿನ ತಂಪುವೇಳೆಯಲ್ಲಿ ಇಡೀ ಓಣಿ ಸೇರಿತ್ತು. ಪಾಠ ಹೇಳಿಕೊಟ್ಟವಳು ನಾನೇ, ಒಪ್ಪಿಕೊಳ್ಳುತ್ತೇನೆ. ಆದರೆ ಪಾತ್ರಧಾರಿಗಳು ನನ್ನನ್ನು ಮೀರಿಸಿದರು. ಮೊದಲು ಎದ್ದವರು ಮೂರನೇ ಮನೆಯ ಕೆಂಚಮ್ಮಜ್ಜಿ.

“ನೋಡಪ್ಪಾ, ಜರಡಿ ಹಿಡ್ದಾಕಿ ನಮ್ಮಾಕಿ. ಆ ಮೂಗು ನಮ್ಮ ಮನೇದು. ಬೇಕಾದ್ರೆ ಅಳತಿ ತಗಾ.”

ಎದುರು ಮನೆಯ ದಿಲ್‌ಶಾದ್ ಬೂಬಮ್ಮ ಬಿಡಲಿಲ್ಲ. “ಮೂಗು ನಿಮ್ದೇ ಇರ್ಲಿ ಕೆಂಚಮ್ಮ. ಆ ಬಾಯಿ ನಮ್ಮ ಮನೇದು. ಓಣಿಗೆಲ್ಲ ಗೊತ್ತು.”

“ಬಾಯಿ ವಿಷ್ಯಕ್ಕೆ ನಾ ತಕರಾರು ಮಾಡಲ್ಲ ಬಿಡವ್ವಾ.”

“ಮಾಡ್ಬೇಕು ಕೆಂಚಮ್ಮ, ಇವತ್ತು ಮಾಡ್ಬೇಕು. ಮರ್ತ್ರೇನು?”

ಅಧಿಕಾರಿಗಳು ಕೆಮ್ಮಿದರು. ಅಷ್ಟರಲ್ಲಿ ಇನ್ನೂ ಐದು ಮನೆಯವರು ಆಕೆ ತಮ್ಮವರೆಂದು ಅರ್ಜಿ ಕೊಟ್ಟರು. ಚಿತ್ರದಲ್ಲಿ ಎಡದಿಂದ ಮೂರನೆಯವನಾಗಿ ಕೂತ ಮುದುಕನ ಕಿವಿಗಾಗಿ ಭಾವ ಮೈದುನರು ತೋಳೇರಿಸಿದರು. ಒಂದೊಂದು ಮುಖಕ್ಕೂ ಕನಿಷ್ಠ ಎರಡು ಹಕ್ಕುದಾರರು, ಒಂದೊಂದು ತಕರಾರಿಗೂ ಒಂದು ತಿಂಗಳ ವಿಚಾರಣೆ.

“ತಂಗೀ,” ಎಂದರು ವಿರೂಪಾಕ್ಷಯ್ಯನವರು, “ಒಂದು ಮುಖಕ್ಕೆ ಒಂದೇ ಹೆಸರು ಇರೋದು. ಇದು ಸುಳ್ಳು ಅಂತ ನನಗೂ ಗೊತ್ತು, ನಿನಗೂ ಗೊತ್ತು.”

“ಹೂಕುಂಡ ನಿಜನಾ ಸರ್?” ಎಂದೆ.

ಅವರು ಮೂಲ ಚಿತ್ರವನ್ನು ತೆಗೆದು ನೋಡುತ್ತಾ ನಿಂತರು. ಆಮೇಲೆ ಅಧಿಕಾರಿಯ ದನಿಯಲ್ಲಲ್ಲ, ಮನೆಗೆ ಬಂದ ನೆಂಟರ ದನಿಯಲ್ಲಿ ಕೇಳಿದರು, “ಇವರು ಏನಂತ ಕೂಗ್ತಿದಾರೆ?”

ಏಳು ಮನೆಯ ಹಕ್ಕುದಾರರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಂಥ ಗಂಭೀರ ಸಭೆಯಲ್ಲೂ ಏನಾದರೊಂದು ಹೇಳಿ ಕೆಡಿಸುವ ನನಗೂ ಏನೂ ಹೊಳೆಯಲಿಲ್ಲ.

ಹೋಗುವ ಮುಂಚೆ ಅವರು ಎರಡು ಮಾತು ಹೇಳಿದರು. ತಕರಾರು ಸುಳ್ಳೆಂದು ಸಾಬೀತಾದರೆ ನಮ್ಮ ಗೋಡೆಯ ಬೆಳಕನ್ನೇ ಆರಿಸುತ್ತಾರೆ. ಆರಿಸಲಿ. ಮಸಿಯಿಂದ ಕೈಯಾರೆ ಇಪ್ಪತ್ತೊಂಬತ್ತು ಮುಖ ಬರೆಯುತ್ತೇವೆ, ಅಳಿಸಿದರೆ ಮತ್ತೆ ಬರೆಯುತ್ತೇವೆ. ನನ್ನ ಚಿತ್ರಕಲೆ ಕೆಟ್ಟದ್ದು, ಮೂಗುಗಳು ಇನ್ನಷ್ಟು ದೊಡ್ಡದಾಗುತ್ತವೆ, ಆದರೆ ರಸ್ತೆ ಖಾಲಿ ಇರುವುದಿಲ್ಲ. ಎರಡನೆಯ ಮಾತು: ಮೂಲ ಚಿತ್ರದ ಕೆಳಗೆ, ಅದನ್ನು ಹಂಚಿಕೊಂಡ ಕಾಲದಲ್ಲೇ, ಬಲ್ಲವರು ಯಾರಾದರೂ ಹೆಸರು ಬರೆದಿದ್ದರೆ ಆ ಮುಖವನ್ನು ಎಂದೆಂದಿಗೂ ಮುಟ್ಟುವಂತಿಲ್ಲ.

ಅದಕ್ಕೇ ಈ ಪತ್ರ. ನಮ್ಮ ಹತ್ತಿರ ಇರುವುದು ಹಟ. ಹೆಸರುಗಳು ನಿಮ್ಮ ಹತ್ತಿರ ಇವೆ, ಇನ್ನು ಸ್ವಲ್ಪ ಕಾಲ ಮಾತ್ರ. ಆ ಫೋಟೊದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಆಕೆಗೆ ನಿಮ್ಮ 2026ರಲ್ಲಿ ಎಪ್ಪತ್ತು ದಾಟಿರಲಿಕ್ಕಿಲ್ಲ. ನಿಮ್ಮ ಗುಂಪಿನಲ್ಲೇ ಯಾರದೋ ಅತ್ತೆಯಾಗಿ, ಚಿಕ್ಕಮ್ಮನಾಗಿ, ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರಬಹುದು. ಮಧ್ಯಾಹ್ನದ ಊಟವಾದ ಮೇಲೆ ಹೋಗಿ. ಫೋಟೊವನ್ನು ದೊಡ್ಡದು ಮಾಡಿ ಕೈಗೆ ಕೊಡಿ. ಕನ್ನಡಕ ಹುಡುಕುವಷ್ಟು ಹೊತ್ತು ಕಾಯಿರಿ. ‘ಅಯ್ಯೋ, ಅದೆಲ್ಲ ಯಾಕೀಗ’ ಎಂದರೆ ಎದ್ದು ಬರಬೇಡಿ, ಚಹಾ ಕೇಳಿ. ಪಕ್ಕದಲ್ಲಿ ಕೂತವರ ಹೆಸರನ್ನು ಅವರಿಂದಲೇ ಒಬ್ಬೊಬ್ಬರಾಗಿ ಹೇಳಿಸಿ. ಅವತ್ತು ಏನಂತ ಕೂಗಿದಿರಿ ಎಂದು ಕೇಳಿ. ಬೈಗುಳವಾಗಿದ್ದರೆ ಅದನ್ನೂ ಒಂದಕ್ಷರ ಬಿಡದೆ ಬರೆಯಿರಿ. ಇಲ್ಲಿ ಅದು ಬೇಕಾಗಿದೆ.

ಇಂತಿ ತಮ್ಮ ಅವಿಧೇಯ ಮರಿಮೊಮ್ಮಗಳು,
ಶಮೀನಾ ಗಂಗಪ್ಪ