ಸೇತುವೆಯ ಹೊಟ್ಟೆಗೆ ಬಳಿದ ಬಣ್ಣ

ಸೇತುವೆಗಳ ಮುಖ್ಯ ಎಂಜಿನಿಯರ್ ಅವರೇ,

ಪರೀಕ್ಷೆ ಮುಗಿಯುವ ಮೊದಲೇ ನೀವು ಹಳೇ ಸೇತುವೆಗೆ ಬಣ್ಣ ಬಳಿಸಿದ್ದೀರಿ. ಇದು ನನ್ನ ದೂರು. ಬಸ್ಸು ಓಡಿಸುವ ನನ್ನ ಸೊಸೆಯನ್ನು ಸಾರಿಗೆ ಕಚೇರಿಯವರು ಅಮಾನತು ಮಾಡಿರುವುದೂ ಅದರಿಂದಲೇ.

ನಿಮ್ಮ ಪರೀಕ್ಷಕ ತೊಟ್ಟಿಲಿನಂಥ ಲಿಫ್ಟಿನಲ್ಲಿ ನಿಂತು ಸೇತುವೆಯ ಅಡಿಭಾಗವನ್ನು ಸುತ್ತಿಗೆಯಿಂದ ತಟ್ಟುತ್ತಿದ್ದಾಗ ನಾನೂ ಸೊಸೆಯೂ ದಡದಲ್ಲಿದ್ದೆವು. "ಏನಪ್ಪಾ, ಕಲ್ಲಂಗಡಿ ಆರಿಸ್ತಿದ್ದೀಯಾ?" ಎಂದೆ. "ಹೆಚ್ಚುಕಮ್ಮಿ ಅದೇ ಅಮ್ಮಾ. ಗಟ್ಟಿ ಇದ್ರೆ ಠಣ್ ಅನ್ನುತ್ತೆ, ಒಳಗೆ ಪದರ ಬಿಟ್ಟಿದ್ರೆ ಡಬ್ ಅನ್ನುತ್ತೆ" ಎಂದ. ಡಬ್ ಎಂದಲ್ಲೆಲ್ಲ ಕೆಂಪು ಬಳಪದಲ್ಲಿ ಸುತ್ತು ಹಾಕಿದ. ನಡುಗಂಬದ ಮೇಲಿನ ತೊಲೆಗೆ ಬಂದಾಗ ಸುತ್ತಿಗೆ ಠಣ್ ಎನ್ನುವುದನ್ನೇ ಮರೆಯಿತು. ತೊಲೆಯ ತುಂಬ ಕೆಂಪು ಸುತ್ತುಗಳಾದವು. ಕಾಂಕ್ರೀಟು ಒಡೆಯದೆಯೇ ಒಳಗಿನ ಬಿರುಕು ನೋಡುವ ಯಂತ್ರ ಬರುತ್ತದೆ, ಸುತ್ತು ಹಾಕಿದಲ್ಲೆಲ್ಲ ಇಟ್ಟು ನೋಡುತ್ತೇವೆ ಎಂದು ಹೇಳಿ ಹೋದ.

ಯಂತ್ರ ಬರಲಿಲ್ಲ, ಬಣ್ಣದವರು ಬಂದರು. ಯಾರೋ ದೊಡ್ಡವರು ದೋಣಿಯಲ್ಲಿ ಆ ಕಡೆ ಹಾದುಹೋಗುವವರಿದ್ದರಂತೆ. ಕೆಂಪು ಸುತ್ತುಗಳು ನೋಡಲು ಚೆನ್ನಾಗಿರುವುದಿಲ್ಲವಂತೆ. ಈಗ ಸೇತುವೆಯ ಹೊಟ್ಟೆ ತಿಳಿನೀಲಿ. ಒಪ್ಪಿದೆ, ಅಂದವಾಗಿದೆ. ಜ್ವರ ಬಂದವನ ಹಣೆಗೆ ಪೌಡರ್ ಹಚ್ಚಿದರೆ ಜ್ವರ ಇಳಿಯುತ್ತದೆಯೇ? ಇನ್ನು ಯಂತ್ರ ಬಂದರೂ ಅದನ್ನು ಎಲ್ಲಿ ಇಟ್ಟು ನೋಡುತ್ತೀರಿ?

ಅಂದಿನಿಂದ ನನ್ನ ಸೊಸೆ ಸೇತುವೆಯ ಬುಡದಲ್ಲಿ ಬಸ್ಸು ನಿಲ್ಲಿಸಿ, "ಇಳೀರಿ, ಎಲ್ಲರೂ ನಡೆದು ದಾಟಿ" ಎನ್ನತೊಡಗಿದಳು. ಆಮೇಲೆ ಖಾಲಿ ಬಸ್ಸನ್ನು ತಾನೊಬ್ಬಳೇ ದಾಟಿಸುತ್ತಿದ್ದಳು.

"ನಿನ್ನ ಜೀವಕ್ಕೆ ಬೆಲೆ ಇಲ್ವೇನೇ?" ಎಂದು ಗದರಿದೆ.

"ಬಸ್ಸಿಗೆ ನಡೆಯೋಕೆ ಬರಲ್ವಲ್ಲ ಅತ್ತೆ" ಎಂದಳು. ನನಗೆ ಎದುರು ಮಾತಾಡುವವರು ನಮ್ಮ ಮನೆಯಲ್ಲಿ ಕಡಿಮೆ. ಅಂದು ನಾನೇ ಬಸ್ಸಿನಿಂದ ಇಳಿದು, ಉಳಿದವರ ಜೊತೆ ನಡೆದು ದಾಟಿದೆ.

ತಡವಾಗುತ್ತದೆಂದು ಪ್ರಯಾಣಿಕರು ದೂರು ಕೊಟ್ಟರು. ಸಾರಿಗೆ ಕಚೇರಿಯವರು ನಿಮ್ಮನ್ನು ವಿಚಾರಿಸಿದರು. "ಸದರಿ ಸೇತುವೆಯಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ" ಎಂದು ನೀವು ಬರೆದುಕೊಟ್ಟಿರಿ. ನಿಜ ಸ್ವಾಮಿ, ಬಣ್ಣ ಬಳಿದ ಮೇಲೆ ಕಾಣುವುದಾದರೂ ಏನು?

ಸೊಸೆಯ ಕೆಲಸಕ್ಕಾಗಿ ನಾನು ಕೈಮುಗಿಯುತ್ತಿಲ್ಲ. ನಮ್ಮ ಮನೆಯಲ್ಲಿ ಆ ಅಭ್ಯಾಸವಿಲ್ಲ. ಬಣ್ಣ ಕೆರೆಸಿ, ಪರೀಕ್ಷೆ ಪೂರ್ತಿ ಮಾಡಿಸಿ, ಅಲ್ಲಿಯವರೆಗೆ ಸೇತುವೆ ಮುಚ್ಚಿಸಿ. ಬೇಗ ಆಗಬೇಕು. ಏಕೆಂದರೆ ಅವಳ ಬಸ್ಸಿಗೆ ಹೊಸ ಚಾಲಕ ಬಂದಿದ್ದಾನೆ. ಬಲು ವಿಧೇಯ. ಸಮಯಕ್ಕೆ ಸರಿಯಾಗಿ ಓಡಿಸುತ್ತಾನೆ. ಯಾರನ್ನೂ ಇಳಿಸುವುದಿಲ್ಲ.

ಇಂತಿ,
ಈಗಲೂ ನಡೆದೇ ದಾಟುತ್ತಿರುವ
ಅವಳ ಅತ್ತೆ